ಗುಡಿಯ ದಿಕ್ಕು, ಗರ್ಭಗುಡಿಯ ದೀಪ: ಪ್ರವಾಸದಲ್ಲಿ ಶಿಲ್ಪ ಮತ್ತು ದೇವಾಲಯಗಳ ಛಾಯಾಗ್ರಹಣ

ಹಳೇಬೀಡಿಗೆ ಕ್ಯಾಮೆರಾ ಹಿಡಿದು ಹೋದ ಮೊದಲ ಸಲ ನಾನು ಬೆಳಗಾಗುತ್ತಲೇ ಗುಡಿಯ ಅಂಗಳದಲ್ಲಿದ್ದೆ. ಎಳೆಬಿಸಿಲಿಗಿಂತ ಒಳ್ಳೆಯ ಬೆಳಕಿಲ್ಲ ಎಂದು ಎಲ್ಲೋ ಓದಿಕೊಂಡಿದ್ದವನಿಗೆ, ಹೊಯ್ಸಳೇಶ್ವರ ದೇವಾಲಯ ಪೂರ್ವಕ್ಕೆ ಮುಖಮಾಡಿದೆ, ಅದರ ದೊಡ್ಡ ವಿಗ್ರಹಗಳ ಸಾಲಿರುವುದು ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಗಳ ಮೇಲೆ, ಅಲ್ಲಿಗೆ ಬಿಸಿಲು ತಿರುಗುವುದು ಮಧ್ಯಾಹ್ನ ಕಳೆದ ಮೇಲೆ ಎಂಬ ಸರಳ ಲೆಕ್ಕ ಹೊಳೆದಿರಲಿಲ್ಲ. ನೆರಳಿನಲ್ಲಿದ್ದ ಕಲ್ಲನ್ನು ಎರಡು ಗಂಟೆ ಕಾಲ ತೆಗೆದು ತೆಗೆದು, ಬಿಸಿಲು ಆ ಕಡೆಗೆ ಹೊರಳುವ ಮೊದಲೇ ಬೇಲೂರಿನ ಬಸ್ಸು ಹತ್ತಿದ್ದೆ. ಮನೆಗೆ ಬಂದು ನೋಡಿದರೆ, ಕೈ ಹಾಕಿದರೆ ಸಿಗುವಷ್ಟು ಆಳವಾಗಿ ಕೊರೆದ ಆಭರಣಗಳೆಲ್ಲ ಬೂದುಬಣ್ಣದ ಹಲಗೆಯ ಮೇಲೆ ಗೀಚಿದ ಗೆರೆಗಳಂತೆ ಕಾಣುತ್ತಿದ್ದವು.

ಅಂದಿನಿಂದ ಯಾವ ಧಾರ್ಮಿಕ ಸ್ಥಳಕ್ಕೆ ಹೊರಡುವ ಮೊದಲೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ: ಕಟ್ಟಡ ಯಾವ ದಿಕ್ಕಿಗೆ ಮುಖಮಾಡಿದೆ, ಮತ್ತು ಒಳಗೆ ದೀಪ ಉರಿಯುತ್ತಿದೆಯೇ, ಅಂದರೆ ಪೂಜೆ ನಡೆಯುವ ಸ್ಥಳವೇ. ಯಾವ ಹೊತ್ತಿನಲ್ಲಿ ಹೋಗಬೇಕೆಂಬುದು ಮೊದಲನೆಯ ಪ್ರಶ್ನೆಯಿಂದಲೂ, ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ಎರಡನೆಯದರಿಂದಲೂ ತಿಳಿಯುತ್ತದೆ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಎಂಬುದು ಆಮೇಲಿನ ಮಾತು. ಈ ಬರಹದಲ್ಲಿ ಹೇಳುವುದರಲ್ಲಿ ಬಹುಪಾಲು ಜೇಬಿನಲ್ಲಿರುವ ಮೊಬೈಲಿಗೂ ಅನ್ವಯಿಸುತ್ತದೆ.

ದಿಕ್ಕು ನೋಡಿ ದಿನ ಹೊಂದಿಸುವುದು

ಉಬ್ಬುಶಿಲ್ಪದ ಆಳ ಚಿತ್ರದಲ್ಲಿ ಉಳಿಯಬೇಕಾದರೆ ನೆರಳು ಬೇಕು. ಬೆಳಕು ಗೋಡೆಗೆ ನೇರವಾಗಿ ಎದುರಿನಿಂದ ಬಿದ್ದರೆ ಉಬ್ಬು ತಗ್ಗುಗಳೆರಡೂ ಒಂದೇ ಸಮನೆ ಬೆಳಗಿ ಶಿಲ್ಪ ಚಪ್ಪಟೆಯಾಗುತ್ತದೆ. ಗೋಡೆಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಬಿದ್ದಾಗ ಮೂಗಿನ ಪಕ್ಕದ ಸಣ್ಣ ನೆರಳು, ಹಾರದ ಮಣಿಗಳ ನಡುವಿನ ಕಪ್ಪು, ಬೆರಳಿನ ಸಂದು ಎಲ್ಲವೂ ಬಿಡಿಸಿದಂತೆ ಕಾಣುತ್ತವೆ. ಆದ್ದರಿಂದ ಪೂರ್ವದ ಗೋಡೆಗೆ ಬೆಳಗ್ಗೆ, ಪಶ್ಚಿಮದ ಗೋಡೆಗೆ ಸಂಜೆ ಎಂಬ ಸಾಮಾನ್ಯ ಸೂತ್ರವನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಪಶ್ಚಿಮದ ಗೋಡೆಗೆ ಬಿಸಿಲು ಆಗತಾನೇ ತಾಗಿದ ಹೊತ್ತು, ಅಂದರೆ ಸೂರ್ಯ ನೆತ್ತಿಯಿಂದ ಸ್ವಲ್ಪವೇ ಇಳಿದಾಗ, ಬೆಳಕು ಮೇಲಿನಿಂದ ಓರೆಯಾಗಿ ಸವರುತ್ತದೆ. ಸೂರ್ಯ ಕೆಳಗಿಳಿದು ಗೋಡೆಗೆ ಎದುರಾದಾಗ ಬಣ್ಣ ಬೆಚ್ಚಗಾಗುತ್ತದೆ, ಆಳ ಕಡಿಮೆಯಾಗುತ್ತದೆ. ಕಟ್ಟಡದ ಇಡೀ ನೋಟಕ್ಕೆ ಎರಡನೆಯದು ಒಳ್ಳೆಯದು, ಒಂಟಿ ವಿಗ್ರಹಕ್ಕೆ ಮೊದಲನೆಯದು.

ಹೊಯ್ಸಳರ ಗೋಡೆ ನೇರವಾಗಿರದೆ ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿರುವುದು ಇಲ್ಲಿ ನೆರವಿಗೆ ಬರುತ್ತದೆ. ಒಂದು ಮಡಿಕೆ ಪೂರ್ತಿ ಬಿಸಿಲಿನಲ್ಲಿದ್ದಾಗ ಪಕ್ಕದ್ದು ಓರೆಬೆಳಕಿನಲ್ಲಿ, ಅದರಾಚೆಯದು ನೆರಳಿನಲ್ಲಿ ಇರುತ್ತದೆ. ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ ಮೇಲೆ ಪ್ರದಕ್ಷಿಣೆ ಹಾಕುತ್ತ, ಅರ್ಧ ಗಂಟೆಗೊಮ್ಮೆ ಮತ್ತೆ ಅದೇ ಜಾಗಕ್ಕೆ ಬಂದರೆ, ಆಗ ಮಂಕಾಗಿದ್ದ ವಿಗ್ರಹ ಈಗ ಎದ್ದು ಬಂದಿರುತ್ತದೆ. ನಾನು ಮೊದಲ ಸುತ್ತಿನಲ್ಲಿ ಕ್ಯಾಮೆರಾವನ್ನು ಚೀಲದಿಂದ ತೆಗೆಯುವುದೇ ಇಲ್ಲ. ಯಾವ ವಿಗ್ರಹಕ್ಕೆ ಯಾವ ಹೊತ್ತಿನಲ್ಲಿ ಬರಬೇಕೆಂದು ಗುರುತು ಮಾಡಿಕೊಳ್ಳುವುದಕ್ಕೇ ಆ ಸುತ್ತು.

ದಕ್ಷಿಣ ಮತ್ತು ಉತ್ತರದ ಗೋಡೆಗಳ ವಿಷಯದಲ್ಲಿ ಋತುವನ್ನು ನೋಡಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಆಕಾಶದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಗೋಡೆಗೆ ನಡುಹಗಲಿನಲ್ಲಿಯೂ ಮೇಲಿನಿಂದ ಸವರುವ ಬೆಳಕು ಸಿಗುತ್ತದೆ, ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಇದರ ತೊಡಕು ಸ್ಪಷ್ಟವಾಗಿ ತಿಳಿಯುವುದು ಶ್ರವಣಬೆಳಗೊಳದಲ್ಲಿ. ಸುಮಾರು 58 ಅಡಿ ಎತ್ತರದ ಗೊಮ್ಮಟ ಉತ್ತರಾಭಿಮುಖಿಯಾಗಿ ನಿಂತಿದ್ದಾನೆ. ಚಳಿಗಾಲದ ಪ್ರವಾಸದಲ್ಲಿ ಹೋದವರಿಗೆ ಅವನ ಮುಖ ನೆರಳಿನಲ್ಲಿ, ಹಿಂದಿನ ಆಕಾಶ ಪ್ರಖರವಾಗಿ ಸಿಗುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ಆ ಊರಿನ ನೆತ್ತಿಗಿಂತ ಉತ್ತರಕ್ಕೆ ಸರಿದಿರುವುದರಿಂದ ಮುಖದ ಮೇಲೆ, ಎದೆಯ ಮೇಲೆ ಪಕ್ಕದಿಂದ ಬಿಸಿಲು ಬೀಳುತ್ತದೆ. ಮೇ ತಿಂಗಳ ಬೆಳಗಿನ ಹೊತ್ತು ಬೆಟ್ಟ ಹತ್ತಿದರೆ ಆ ಮಂದಹಾಸ ಸಿಗುತ್ತದೆ, ಆದರೆ ಬರಿಗಾಲಿನಲ್ಲಿ ಇಳಿಯುವಾಗ ಬಂಡೆ ಕಾದಿರುತ್ತದೆ. ದಪ್ಪನೆಯ ಕಾಲುಚೀಲ ಚೀಲದಲ್ಲಿರಲಿ. ಚಳಿಗಾಲದಲ್ಲೇ ಹೋಗುವ ಅನಿವಾರ್ಯವಿದ್ದರೆ ಆಕಾಶವನ್ನು ಆದಷ್ಟು ಬಿಟ್ಟು, ಮುಖವನ್ನು ಮಾತ್ರ ಹತ್ತಿರಕ್ಕೆ ಎಳೆದು, ಮುಖಕ್ಕೆ ಹೊಂದುವಂತೆ ಬೆಳಕಿನ ಪ್ರಮಾಣವನ್ನು ಹೆಚ್ಚಿಸಿಕೊಳ್ಳಬೇಕು.

ನಡುಹಗಲಿನ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಬೇಲೂರಿನಲ್ಲಿ ಮಾತ್ರ ನಾನು ಅದಕ್ಕಾಗಿ ಕಾಯುತ್ತೇನೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ (ಕಂಬಗಳ ಮೇಲ್ತುದಿಯ ಸುಂದರಿಯರ ಶಿಲ್ಪಗಳಲ್ಲಿ) ಹೊರಗಿನವರೆಲ್ಲರೂ ಚಾಚಿದ ಸೂರಿನ ಕೆಳಗೆ, ಮುಂದಕ್ಕೆ ಬಾಗಿದಂತೆ ಕೂರಿಸಿದವರು. ಸೂರ್ಯ ಮೇಲಿದ್ದಾಗ ಬಿಸಿಲು ಅವರನ್ನು ಮುಟ್ಟುವುದಿಲ್ಲ. ಅದು ಕೆಳಗಿನ ಜಗತಿಯ ಕಲ್ಲುಹಾಸಿನ ಮೇಲೆ ಬಿದ್ದು, ಅಲ್ಲಿಂದ ಮೇಲಕ್ಕೆ ಚಿಮ್ಮಿ, ಮದನಿಕೆಯರ ಮುಖವನ್ನೂ ಅವರ ತಲೆಯ ಮೇಲಿನ ಬಳ್ಳಿಯ ಕೊರೆತವನ್ನೂ ಮೃದುವಾಗಿ ಬೆಳಗುತ್ತದೆ. ಗೋಡೆಯ ಶಿಲ್ಪಗಳಿಗೆ ಕೆಟ್ಟದ್ದಾದ ಹನ್ನೊಂದರಿಂದ ಎರಡು ಗಂಟೆಯ ಅವಧಿ ಮದನಿಕೆಯರಿಗೆ ಹೀಗೆ ಅತ್ಯುತ್ತಮ. ಆ ಹೊತ್ತಿನಲ್ಲಿ ಬಿಸಿಲಿನಲ್ಲಿ ಹೊಳೆಯುವ ಗೋಡೆಯಾಗಲಿ ಆಕಾಶವಾಗಲಿ ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಂಡರೆ ಸಾಕು. ಇವರಿಗೆ 100 ಮಿಲಿಮೀಟರಿಗಿಂತ ಹೆಚ್ಚಿನ ಲೆನ್ಸ್, ಮೊಬೈಲಾದರೆ ಮೂರು ಪಟ್ಟು ಹತ್ತಿರ ತೋರಿಸುವ (3x) ಕ್ಯಾಮೆರಾ ಬೇಕು. ದೂರ ಸರಿದು ನಿಂತಷ್ಟೂ ಮುಖ ಎದುರಾಗಿ ಕಾಣುತ್ತದೆ, ಬುಡದಲ್ಲಿ ನಿಂತು ತಲೆಯೆತ್ತಿ ತೆಗೆದರೆ ಗಲ್ಲದ ಅಡಿಭಾಗವೇ ಚಿತ್ರವಾಗುತ್ತದೆ.

ಬಾದಾಮಿಯಲ್ಲಿ ಲೆಕ್ಕ ಬೇರೆ. ಅಲ್ಲಿನ ನಾಲ್ಕು ಗುಹಾದೇವಾಲಯಗಳು ದಕ್ಷಿಣದ ಗುಡ್ಡದ ಉತ್ತರ ಮೈಯಲ್ಲಿ ಕೊರೆದವು, ಆದ್ದರಿಂದ ಒಳಗಿನ ಬೆಳಕು ವರ್ಷದ ಬಹುಭಾಗ ಎದುರಿನ ಬಯಲಿನಿಂದ, ಆಕಾಶದಿಂದ ಮರಳಿ ಬರುವ ತಣ್ಣನೆಯ ಬೆಳಕು. ಅದಕ್ಕೆ ಗಡಿಬಿಡಿ ಬೇಡ. 578ರ ಶಾಸನವಿರುವ ಮೂರನೆಯ ಗುಹೆಯ ಮೊಗಸಾಲೆಯಲ್ಲಿ ಹಗಲು ಯಾವ ಹೊತ್ತಿನಲ್ಲಿ ನಿಂತರೂ ಕೆಲಸವಾಗುತ್ತದೆ. ಸಂಜೆಯನ್ನು ಮಾತ್ರ ಭೂತನಾಥ ಗುಡಿಗೆ ಮೀಸಲಿಡಬೇಕು. ಅದು ಅಗಸ್ತ್ಯತೀರ್ಥವೆಂಬ ಕೆರೆಯ ಪೂರ್ವದ ದಂಡೆಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ಕೂತಿದೆ. ಮುಳುಗುವ ಸೂರ್ಯ ಬೆನ್ನಿಗಿರುವಾಗ ಕೆಂಪು ಮರಳುಗಲ್ಲು ಕೆಂಡದ ಬಣ್ಣಕ್ಕೆ ತಿರುಗುತ್ತದೆ. (ಬಾದಾಮಿಯ ಕೋತಿಗಳಿಗೆ ಕ್ಯಾಮೆರಾ ಚೀಲವೂ ಬುತ್ತಿಯ ಚೀಲವೂ ಒಂದೇ. ಜಿಪ್ಪು ಹಾಕಿ, ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಿರಿ.)

ಮೋಡ ಕವಿದ ದಿನವನ್ನು ವ್ಯರ್ಥವೆಂದು ತಿಳಿಯಬೇಕಾಗಿಲ್ಲ. ಮಲೆನಾಡಿನ ಮಳೆಯಲ್ಲಿ ನೆನೆದ ಬಳಪದ ಕಲ್ಲು ಕಡುಗಪ್ಪಾಗಿ, ಅಂಚುಗಳಲ್ಲಿ ಮಾತ್ರ ಹೊಳೆಯುತ್ತ, ಬಿಸಿಲಿನಲ್ಲಿ ಕಾಣದ ನಯವನ್ನು ತೋರಿಸುತ್ತದೆ. ಬಿಳಿಚಿದ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡುವುದೊಂದೇ ಷರತ್ತು.

ಕಲ್ಲಿನ ಬಣ್ಣ, ಗೋಡೆಯ ಲಂಬ

ಕ್ಯಾಮೆರಾಗೆ ತಾನು ನೋಡುತ್ತಿರುವುದು ಕಪ್ಪು ಕಲ್ಲೋ ಸುಣ್ಣ ಬಳಿದ ಗೋಪುರವೋ ತಿಳಿಯುವುದಿಲ್ಲ. ಎಲ್ಲವನ್ನೂ ನಡುಬೂದಿಗೆ ತರಲು ನೋಡುತ್ತದೆ. ಹೀಗಾಗಿ ಹೊಯ್ಸಳ ಶಿಲ್ಪಗಳು ಇರುವುದಕ್ಕಿಂತ ತೆಳುವಾಗಿ, ಬಿಳಿಯ ಗೋಪುರಗಳು ಮಂಕಾಗಿ ಬರುತ್ತವೆ. ಕಪ್ಪು ಕಲ್ಲಿಗೆ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪಿನಷ್ಟು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸಿ, ಬಿಳಿಯ ಗೋಡೆಗೆ ಅಷ್ಟೇ ಏರಿಸಬೇಕು. ಮೊಬೈಲಿನಲ್ಲಿ ವಿಗ್ರಹದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಇದೇ ಕೆಲಸವಾಗುತ್ತದೆ.

ಗೋಪುರ, ಗುಮ್ಮಟ, ಚರ್ಚಿನ ಶಿಖರಗಳನ್ನು ತೆಗೆಯುವಾಗ ಎಲ್ಲರೂ ಮಾಡುವ ತಪ್ಪೆಂದರೆ ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸುವುದು. ಹಾಗೆ ಮಾಡಿದಾಗ ಸಮಾನಾಂತರ ಗೋಡೆಗಳು ಮೇಲೆ ಹೋಗುತ್ತ ಒಂದಕ್ಕೊಂದು ಕೂಡಿಕೊಂಡು, ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಶ್ರವಣಬೆಳಗೊಳದಲ್ಲಿ ಸುತ್ತಾಲಯದ ಗೋಡೆ ಅಡ್ಡವಿರುವುದರಿಂದ ಹೆಚ್ಚು ಹಿಂದೆ ಸರಿಯಲು ಬರುವುದಿಲ್ಲ, ಬುಡದಲ್ಲಿ ನಿಂತು ಅಗಲ ಲೆನ್ಸಿನಲ್ಲಿ ತೆಗೆದ ಗೊಮ್ಮಟನಿಗೆ ಕಾಲು ದೊಡ್ಡದಾಗಿ ತಲೆ ಚಿಕ್ಕದಾಗುತ್ತದೆ. ಅಂಗಳದ ಕೊನೆಯವರೆಗೆ ಹಿಂದೆ ಸರಿದು, ಮೊಬೈಲಿನ ಅರ್ಧ ಪಟ್ಟಿನ (0.5x) ಅಗಲ ನೋಟವನ್ನು ಬಿಟ್ಟು, ಇಡೀ ದೇಹದ ಬದಲು ಸೊಂಟದಿಂದ ಮೇಲಿನ ಭಾಗವನ್ನು ತೆಗೆಯುವುದು ಮೇಲು. ಜಾಗವಿರುವ ಕಡೆ ಪರಿಹಾರ ಸುಲಭ: ವಿಜಯಪುರದ ಗೋಳಗುಮ್ಮಟದಂತಹ ಕಟ್ಟಡಕ್ಕೆ ಎದುರಿನ ತೋಟದ ಕೊನೆಯವರೆಗೆ ನಡೆದು, ಕ್ಯಾಮೆರಾವನ್ನು ನೆಲಕ್ಕೆ ಲಂಬವಾಗಿ ಹಿಡಿದು, ಮುಂದೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿದರಾಯಿತು. ಮೊಬೈಲಿನ ಪರದೆಯ ಮೇಲೆ ಚೌಕಳಿ ಗೆರೆಗಳನ್ನು ಹಾಕಿಟ್ಟುಕೊಂಡರೆ ಲಂಬ ತಪ್ಪಿದ್ದು ಕೂಡಲೇ ತಿಳಿಯುತ್ತದೆ. ಅದೇ ಊರಿನ ಇಬ್ರಾಹಿಂ ರೌಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಕೊಳವಿದೆ. ಒಂದರ ಕಮಾನಿನೊಳಗೆ ನಿಂತು ಇನ್ನೊಂದನ್ನು ನೋಡಿದರೆ ಚೌಕಟ್ಟನ್ನು ಕಟ್ಟಿದವರೇ ಹಾಕಿಕೊಟ್ಟಿದ್ದಾರೆ. ಅಲ್ಲಿನ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿರುವುದನ್ನು ಒಳಗಿನಿಂದ, ಹೊರಗಿನ ಬೆಳಕಿಗೆ ಎದುರಾಗಿ ತೆಗೆಯಬೇಕು. ಆಗ ಅಕ್ಷರಗಳು ಕಪ್ಪಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಗೋಡೆಯ ಕೆಳಗಿನ ಪಟ್ಟಿಕೆಗಳನ್ನು, ಅಂದರೆ ಹಳೇಬೀಡಿನಲ್ಲಿ ಬುಡದಿಂದ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಏರುತ್ತ ಪುರಾಣದ ಕಥೆಗಳಿಗೂ ಮಕರ ಹಂಸಗಳಿಗೂ ತಲಪುವ ಸಾಲುಗಳನ್ನು, ನಿಂತುಕೊಂಡು ತೆಗೆಯಬಾರದು. ಕುಳಿತು ಕ್ಯಾಮೆರಾವನ್ನು ಆ ಪಟ್ಟಿಕೆಯ ಮಟ್ಟಕ್ಕೇ ತರಬೇಕು. ಕಥೆಯ ಸಾಲುಗಳಲ್ಲಿ ಒಂದೊಂದೇ ಚೌಕವನ್ನು ಬಿಡಿಯಾಗಿ ತೆಗೆಯದೆ, ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ಹೆಜ್ಜೆ ಹೆಜ್ಜೆಗೆ ಸರಿಯುತ್ತ ತೆಗೆದರೆ ಕಥೆಯ ಓಟ ಕಳೆಯುವುದಿಲ್ಲ.

ಹೊಳಪಿನ ಕಂಬಗಳಿಗೆ, ಹಳೇಬೀಡಿನ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಕನ್ನಡಿಯಂತೆ ಬಿಂಬ ತೋರಿಸುವ ಕಂಬಗಳಂಥವಕ್ಕೆ, ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿದರೆ ಅನಗತ್ಯ ಹೊಳಪು ಇಳಿದು ಕಡೆತದ ಗೆರೆಗಳು ಕಾಣುತ್ತವೆ. ಹಿತ್ತಾಳೆಯ ಪ್ರಭಾವಳಿ, ಬೆಳ್ಳಿಯ ಕವಚಗಳಿಗೆ ಇದು ಕೆಲಸ ಮಾಡದು. ಅಲ್ಲಿ ನಿಂತ ಜಾಗವನ್ನೇ ಬದಲಿಸಬೇಕು.

ನವರಂಗದ ಕತ್ತಲೆಯಲ್ಲಿ

ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ ಒಳಗೆ ಹೋದೊಡನೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು. ಫ್ಲ್ಯಾಶ್ ಎಲ್ಲಿಯೂ ಬೇಡ: ಭಿತ್ತಿಚಿತ್ರದ ಬಣ್ಣಗಳಿಗೆ ಅದು ಹಿತವಲ್ಲ, ಪೂಜೆಯಲ್ಲಿರುವವರಿಗೆ ಕಿರಿಕಿರಿ, ಎಲ್ಲಕ್ಕಿಂತ ಮೊದಲು ಅದು ಶಿಲ್ಪವನ್ನು ಎದುರಿನಿಂದ ಹೊಡೆದು ಚಪ್ಪಟೆ ಮಾಡುತ್ತದೆ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವೆಂಬುದನ್ನು ಹೇಳುವ ಐಎಸ್‌ಒವನ್ನು 1600 ಅಥವಾ 3200ಕ್ಕೆ ಏರಿಸಿದರೆ ಬರುವ ಸಣ್ಣ ಕಾಳುಕಾಳು ನೋಟ ಕಲ್ಲಿನ ಚಿತ್ರದಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ, ಕೈ ನಡುಗಿದ ಮಸುಕು ಮಾತ್ರ ಎದ್ದು ಕಾಣುತ್ತದೆ. ಟ್ರೈಪಾಡಿಗೆ ಅನುಮತಿಯಿಲ್ಲದ ಕಡೆ ನನ್ನ ಬಳಿ ಒಂದು ಹುರಿ ಇರುತ್ತದೆ. ಕ್ಯಾಮೆರಾದ ಅಡಿಯ ತಿರುಪಿಗೆ ಹೊಂದುವ ಕಾಲಿಂಚಿನ ಬೋಲ್ಟಿಗೆ ಅದನ್ನು ಕಟ್ಟಿ, ಇನ್ನೊಂದು ತುದಿಯನ್ನು ಪಾದದಡಿ ಮೆಟ್ಟಿ, ಬಿಗಿಯಾಗುವಂತೆ ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿದರೆ ನಡುಕ ಗಮನಾರ್ಹವಾಗಿ ತಗ್ಗುತ್ತದೆ. ಕಂಬಕ್ಕೆ ಒರಗುವ ಆಸೆಯಾಗುವುದು ಸಹಜ, ಆದರೆ ಕೆತ್ತನೆಯ ಅಥವಾ ಬಣ್ಣದ ಮೈಗೆ ಬೆನ್ನು ತಾಗಿಸಬಾರದು.

ಜಾಲಂಧ್ರಗಳಿರುವ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳಿರುವ ಗೋಡೆಯನ್ನು ಒಳಗಿನಿಂದ ತೆಗೆಯುವಾಗ ರಂಧ್ರಗಳ ಬೆಳಕಿಗೂ ಕಂಬದ ಕತ್ತಲಿಗೂ ಅಂತರ ಹೆಚ್ಚಿರುತ್ತದೆ. ಎರಡನ್ನೂ ಉಳಿಸಿಕೊಳ್ಳಲು ಬೇರೆ ಬೇರೆ ಎಕ್ಸ್‌ಪೋಷರಿನ ಮೂರು ಚಿತ್ರಗಳನ್ನು ತೆಗೆದು ಕೂಡಿಸಬಹುದು, ಮೊಬೈಲು ಎಚ್‌ಡಿಆರ್ ಎಂಬ ಹೆಸರಿನಲ್ಲಿ ತಾನೇ ಹಾಗೆ ಮಾಡುತ್ತದೆ. ಆದರೆ ಕತ್ತಲೆಯನ್ನು ಪೂರ್ತಿ ಅಳಿಸಿ, ನವರಂಗವನ್ನು ಮದುವೆ ಮಂಟಪದಂತೆ ಬೆಳಗಿಸುವುದು ನನಗೆ ಒಪ್ಪುವುದಿಲ್ಲ. ಕಟ್ಟಿದವರು ಬೇಕೆಂದೇ ಉಳಿಸಿಕೊಂಡ ಕತ್ತಲು ಅದು. ಬಣ್ಣದ ವಿಷಯದಲ್ಲಿ ಎಣ್ಣೆದೀಪದ ಹಳದಿ, ಟ್ಯೂಬ್‌ಲೈಟಿನ ನೀಲಿ, ಬಾಗಿಲಿನಿಂದ ಬರುವ ಹಗಲು ಮೂರೂ ಕಲೆತಿರುತ್ತವೆ. ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ತಾನಾಗಿ ತಿದ್ದದ ಮೂಲ ಕಡತವಾಗಿ ತೆಗೆದಿಟ್ಟರೆ ಆಮೇಲೆ ತಿದ್ದಲು ಅವಕಾಶವಿರುತ್ತದೆ.

ಭುವನೇಶ್ವರಿಯನ್ನು, ಅಂದರೆ ಒಳಮಾಡಿನ ಕೆತ್ತನೆಯನ್ನು, ಕತ್ತು ನೋಯಿಸಿಕೊಂಡು ತೆಗೆಯುವವರು ಬಹಳ, ನಡುಬಿಂದು ನಡುವೆ ಬರುವುದು ಅಪರೂಪ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಪೂಜೆ ಇಲ್ಲವಾದ್ದರಿಂದ ಅಲ್ಲಿ ಒಂದು ಉಪಾಯವನ್ನು ನಿಶ್ಚಿಂತೆಯಿಂದ ಮಾಡಬಹುದು. ಮೊಬೈಲನ್ನು ಪರದೆ ಮೇಲಾಗಿ ನೆಲದ ಮೇಲಿಟ್ಟು, ಮುಂದಿನ ಕ್ಯಾಮೆರಾವನ್ನು ತೆರೆದು, ಪರದೆಯಲ್ಲಿ ಪದ್ಮದ ಮೊಗ್ಗು ಸರಿಯಾಗಿ ನಡುವೆ ಬರುವವರೆಗೆ ಜರುಗಿಸಿ, ಹತ್ತು ಸೆಕೆಂಡಿನ ಟೈಮರ್ ಹಾಕಿ ಪಕ್ಕಕ್ಕೆ ಸರಿಯಬೇಕು. ಫೋನು ಅಲುಗದೆ ಇರುವುದರಿಂದ ಕತ್ತಲೆಯಲ್ಲೂ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಜನ ಓಡಾಡುವ ಕಡೆ ಮಾತ್ರ ಕಾವಲಿಗೆ ಒಬ್ಬರು ಬೇಕು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪ, ಲೇಪಾಕ್ಷಿಯ ವೀರಭದ್ರ ದೇವಾಲಯ ಇವೆರಡರ ಮೇಲ್ಚಾವಣಿಯ ವರ್ಣಚಿತ್ರಗಳಿಗೂ ಇದೇ ವಿಧಾನ ಒಪ್ಪುತ್ತದೆ, ಆದರೆ ಅವು ಪೂಜೆ ನಡೆಯುವ ಸ್ಥಳಗಳು, ಕೇಳದೆ ಏನನ್ನೂ ನೆಲದ ಮೇಲೆ ಇಡಬಾರದು. ವಿರೂಪಾಕ್ಷದ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ ಗೋಡೆಯ ಕಿಂಡಿಯಿಂದ ಬಂದ ಬೆಳಕು ರಾಜಗೋಪುರದ ನೆರಳನ್ನು ತಲೆಕೆಳಗಾಗಿ ಮೂಡಿಸುವುದನ್ನು ಕ್ಯಾಮೆರಾ ಹಿಡಿದವರು ತಪ್ಪದೆ ನೋಡಬೇಕು; ಕೈಯಲ್ಲಿರುವ ಯಂತ್ರ ಕೆಲಸ ಮಾಡುವುದೂ ಅದೇ ತತ್ತ್ವದಿಂದ.

ಕೇಳಿ ತೆಗೆಯುವುದು

ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಅಜಂತಾ ಗುಹೆಗಳು, ಲೇಹ್ ಅರಮನೆ, ತಾಜ್‌ಮಹಲಿನ ಗೋರಿಯ ಒಳಭಾಗ ಇವನ್ನು ಬಿಟ್ಟು ಉಳಿದೆಡೆ ಛಾಯಾಗ್ರಹಣದ ನಿರ್ಬಂಧವನ್ನು 2018ರ ಜುಲೈನಲ್ಲಿ ತೆಗೆಯಲಾಯಿತು. ಆದರೂ ಟ್ರೈಪಾಡ್, ದೀಪದ ಸಲಕರಣೆ, ಡ್ರೋನ್ ಇವಕ್ಕೆ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ಇನ್ನೊಂದೆಡೆ, ರಾಜ್ಯದ ಧಾರ್ಮಿಕ ದತ್ತಿ ಇಲಾಖೆ 2023ರ ಜುಲೈನಲ್ಲಿ ತನ್ನ ಅಧೀನದ ದೇವಾಲಯಗಳ ಒಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿ ಆದೇಶ ಹೊರಡಿಸಿತು. ಬೇಲೂರಿನಂತೆ ಸಂರಕ್ಷಿತ ಸ್ಮಾರಕವೂ ಆಗಿ, ನಿತ್ಯಪೂಜೆಯ ಗುಡಿಯೂ ಆಗಿರುವ ಕಡೆ ಬಾಗಿಲಿನ ಫಲಕವನ್ನು ಓದಿ, ಅರ್ಚಕರನ್ನು ಕೇಳಿ ಮುಂದುವರಿಯುವುದೊಂದೇ ದಾರಿ. “ಸ್ವಾಮಿ, ನವರಂಗದ ಕಂಬಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ದೇವರ ಕಡೆ ತಿರುಗಿಸುವುದಿಲ್ಲ” ಎಂದು ಏನು ಬೇಕೆಂಬುದನ್ನು ಸ್ಪಷ್ಟವಾಗಿ ಹೇಳಿದಾಗ ನನಗೆ ಒಪ್ಪಿಗೆ ಸಿಕ್ಕಿದ್ದೇ ಹೆಚ್ಚು; “ಒಂದು ಫೋಟೋ” ಎಂದಷ್ಟೇ ಕೇಳಿದಾಗ ಬೇಡವೆಂದದ್ದೇ ಹೆಚ್ಚು. ಮಂಗಳಾರತಿಯ ಹೊತ್ತಿನಲ್ಲಿ ಕೇಳಲೂಬಾರದು. ಮೂಲವಿಗ್ರಹವನ್ನು, ಯಾರೂ ನೋಡದ ಸಮಯ ಸಿಕ್ಕಿದರೂ, ತೆಗೆಯಬಾರದು.

ಜೈನ ಬಸದಿಗಳಿಗೆ ಹೋಗುವಾಗ ಬಹಳ ಜನ ಮರೆಯುವ ಸಂಗತಿಯೊಂದಿದೆ. ಚಪ್ಪಲಿ ಕಳಚುವವರು ಸೊಂಟಪಟ್ಟಿಯನ್ನೂ ಕ್ಯಾಮೆರಾದ ಚರ್ಮದ ಪಟ್ಟಿಯನ್ನೂ ಮರೆಯುತ್ತಾರೆ. ಚರ್ಮದ ವಸ್ತು ಅಲ್ಲಿ ನಿಷಿದ್ಧ, ಆದ್ದರಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳಿಗಾಗಿ ಹೊರಡುವ ಮೊದಲೇ ಬಟ್ಟೆಯ ಪಟ್ಟಿಯನ್ನು ಹಾಕಿಕೊಂಡಿರಬೇಕು. ಮುನಿಗಳನ್ನು, ಆರ್ಯಿಕೆಯರನ್ನು (ಜೈನ ಸನ್ಯಾಸಿನಿಯರನ್ನು) ಅವರ ಒಪ್ಪಿಗೆಯಿಲ್ಲದೆ ತೆಗೆಯಕೂಡದು. ಮಸೀದಿ, ದರ್ಗಾಗಳಲ್ಲಿ ನಮಾಜು ಮಾಡುತ್ತಿರುವವರ ಮುಂದೆ ಹಾಯಬಾರದು, ಶುಕ್ರವಾರ ಮಧ್ಯಾಹ್ನವನ್ನು ಬಿಟ್ಟು ಹೋಗಬೇಕು. ಬೀದರಿನ ಗುರುದ್ವಾರವಾದ ನಾನಕ್ ಝೀರಾದಲ್ಲಿ ತಲೆಗೆ ಬಟ್ಟೆ ಬೇಕು. ಚರ್ಚಿನಲ್ಲಿ ಪೂಜೆ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಬಣ್ಣದ ಗಾಜಿನ ಬೆಳಕು ಎಲ್ಲಿ ಬೀಳುತ್ತದೆಂಬುದೂ ಅಷ್ಟರಲ್ಲಿ ತಿಳಿದಿರುತ್ತದೆ.

ಶಾಸನಗಳನ್ನು ಓದಿಸಿಕೊಳ್ಳಲು ಸೀಮೆಸುಣ್ಣ ಬಳಿಯುವ, ನೀರು ಚಿಮುಕಿಸುವ ಹಳೆಯ ಅಭ್ಯಾಸವನ್ನು ಇನ್ನೂ ಕೆಲವರು ಬಿಟ್ಟಿಲ್ಲ. ಅದರಿಂದ ಕಲ್ಲಿಗೆ ಹಾನಿ. ಜೊತೆಗಿದ್ದವರ ಮೊಬೈಲ್ ಟಾರ್ಚನ್ನು ಕಲ್ಲಿನ ಒಂದು ಅಂಚಿನಿಂದ ತೀರಾ ಓರೆಯಾಗಿ ಹಾಯಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಬೆಳಕನ್ನು ಮೇಲಿನ ಅಥವಾ ಎಡದ ಅಂಚಿನಿಂದ ಹಾಯಿಸಿ, ಕೆಳಗಿನಿಂದ ಹಾಯಿಸಿದರೆ ಕೊರೆದ ಅಕ್ಷರ ಉಬ್ಬಿದಂತೆ ತೋರಿ ಕಣ್ಣು ಮೋಸಹೋಗುತ್ತದೆ.

ಹೊಯ್ಸಳ ಶಿಲ್ಪಗಳ ಪೀಠದ ಕೆಳಗೆ ಕೆತ್ತಿದವರ ಹೆಸರಿರುವುದುಂಟು: ಸೋಮನಾಥಪುರದಲ್ಲಿ ಮಲ್ಲಿತಮ್ಮ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಮುಖಕ್ಕೆ ಹತ್ತಿರ ಹೋಗುವ ಭರದಲ್ಲಿ ಆ ಸಾಲು ಚೌಕಟ್ಟಿನಿಂದ ಹೊರಗುಳಿಯುತ್ತದೆ, ಆದ್ದರಿಂದ ಪ್ರತಿ ವಿಗ್ರಹಕ್ಕೂ ಪೀಠ ಸಮೇತವಾದ ಒಂದು ಚಿತ್ರವನ್ನು ಪ್ರತ್ಯೇಕವಾಗಿ ತೆಗೆದಿಡಬೇಕು. ಗುಡಿಗೆ ಕಾಲಿಟ್ಟೊಡನೆ ಮಾಹಿತಿ ಫಲಕದ ಒಂದು ಚಿತ್ರ, ಗೋಡೆ ಬದಲಾದಾಗಲೆಲ್ಲ ಆ ಗೋಡೆಯ ಇಡೀ ನೋಟದ ಒಂದು ಚಿತ್ರ, ಆಮೇಲೆ ವಿಗ್ರಹ, ಕೊನೆಗೆ ಬಿಡಿವಿವರ ಎಂಬ ಕ್ರಮವನ್ನು ಇಟ್ಟುಕೊಂಡರೆ, ರಾತ್ರಿ ವಸತಿಗೃಹದಲ್ಲಿ ಕೂತು ಊರು, ಗುಡಿ, ಗೋಡೆಯ ದಿಕ್ಕು, ಎಡದಿಂದ ಎಷ್ಟನೆಯ ವಿಗ್ರಹ ಎಂದು ಹೆಸರು ಹಾಕುವುದು ಅರ್ಧ ಗಂಟೆಯ ಕೆಲಸ. ಮೂರು ದಿನ ಬಿಟ್ಟರೆ ಬೇಲೂರಿನ ನರಸಿಂಹ ಯಾವುದು, ಹಳೇಬೀಡಿನ ನರಸಿಂಹ ಯಾವುದು ಎಂದು ತೆಗೆದವರಿಗೇ ತಿಳಿಯುವುದಿಲ್ಲ.